ಕಮಿಷನರ್ ಖುರ್ಚಿಗೂ ಒಂದು ಅವಧಿ ಬೇಕು

ಮಾನ್ಯ ಸಂಪಾದಕರೇ,

ಹೊಸ ಪೊಲೀಸ್ ಕಮಿಷನರ್ ಬಂದ ಮರುದಿನ ಪತ್ರಿಕೆಯಲ್ಲಿ ಒಂದು ಫೋಟೊ ಬರುತ್ತದೆ. ಹೋಗುವವರು ಬರುವವರ ಕೈಗೆ ಬೇಟನ್, ಅಂದರೆ ಅಧಿಕಾರದ ಗುರುತಿನ ಕೋಲು, ಕೊಡುತ್ತಿರುತ್ತಾರೆ. ಬೆಂಗಳೂರಿನಲ್ಲಿ ಈ ಫೋಟೊ ಎಷ್ಟು ಬೇಗ ಬೇಗ ಬರುತ್ತಿದೆ ನೋಡಿ. 2019ರ ಜೂನ್‌ನಿಂದ 2025ರ ಜೂನ್‌ವರೆಗೆ, ಆರು ವರ್ಷದಲ್ಲಿ, ಐದು ಜನ ಆ ಖುರ್ಚಿಯಲ್ಲಿ ಕೂತು ಎದ್ದರು. ಅಲೋಕ್ ಕುಮಾರ್, ಭಾಸ್ಕರ್ ರಾವ್, ಕಮಲ್ ಪಂತ್, ಪ್ರತಾಪ್ ರೆಡ್ಡಿ, ಬಿ. ದಯಾನಂದ. ಆಮೇಲೆ ಆರನೆಯವರಾಗಿ ಸೀಮಂತ್ ಕುಮಾರ್ ಸಿಂಗ್ ಬಂದರು. ಅಲೋಕ್ ಕುಮಾರ್ ಇದ್ದದ್ದು ಎರಡು ತಿಂಗಳೂ ಅಲ್ಲ. 2019ರ ಜುಲೈನಲ್ಲಿ ಸರ್ಕಾರ ಬದಲಾಯಿತು, ಆಗಸ್ಟ್ ಶುರುವಿನಲ್ಲೇ ಕಮಿಷನರ್ ಕೂಡ ಬದಲಾದರು.

ಒಬ್ಬ ಅಧಿಕಾರಿ ಈ ಜಾಗಕ್ಕೆ ಬರಲು ಎಷ್ಟು ವರ್ಷ ಬೇಕು ಗೊತ್ತಲ್ವಾ? ಐಪಿಎಸ್‌ಗೆ ಆಯ್ಕೆಯಾಗಿ, ಹೈದರಾಬಾದಿನ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ, ಯಾವುದೋ ಉಪವಿಭಾಗದಲ್ಲಿ ಎಎಸ್‌ಪಿಯಾಗಿ ಶುರು ಮಾಡಿ, ಜಿಲ್ಲೆಗೆ ಎಸ್‌ಪಿಯಾಗಿ, ಡಿಐಜಿ, ಐಜಿಪಿ, ಎಡಿಜಿಪಿ ಅಂತ ಒಂದೊಂದೇ ಮೆಟ್ಟಿಲು ಹತ್ತಿ ಇಲ್ಲಿಗೆ ತಲುಪುವ ಹೊತ್ತಿಗೆ 25ರಿಂದ 30 ವರ್ಷ ಕಳೆದಿರುತ್ತದೆ. ಅಷ್ಟು ವರ್ಷ ಕಲಿತದ್ದನ್ನೆಲ್ಲ ಒಂದು ಮಹಾನಗರಕ್ಕೆ ಕೊಡುವ ಹೊತ್ತಿನಲ್ಲೇ ಎತ್ತಂಗಡಿ. ಇದು ಆ ಅಧಿಕಾರಿಗಷ್ಟೇ ಅಲ್ಲ, ಊರಿಗೂ ನಷ್ಟ.

ನೂರಕ್ಕೂ ಹೆಚ್ಚು ಠಾಣೆಗಳಿರುವ ನಗರ ಇದು. ಯಾವ ಇನ್‌ಸ್ಪೆಕ್ಟರ್ ಕೆಲಸಗಾರ, ಯಾವ ಠಾಣೆಯಲ್ಲಿ ದೂರು ಬರೆದುಕೊಳ್ಳದೆ ಜನರನ್ನು ವಾಪಸ್ ಕಳಿಸುತ್ತಾರೆ, ಎಲ್ಲಿ ಬೀಟ್ ಗಸ್ತು ಬರೀ ಪುಸ್ತಕದಲ್ಲಿದೆ, ಇದೆಲ್ಲ ಕಡತ ಓದಿದರೆ ತಿಳಿಯುವುದಿಲ್ಲ. ಓಡಾಡಬೇಕು, ಹೇಳದೆ ಕೇಳದೆ ಠಾಣೆಗೆ ಹೋಗಿ ನಿಲ್ಲಬೇಕು, ಜನ ಏನು ಹೇಳುತ್ತಾರೆ ಅಂತ ಕೂತು ಕೇಳಬೇಕು. ನಮ್ಮ ಬಡಾವಣೆಯವರು ರಾತ್ರಿ ಗಸ್ತಿನ ವಿಷಯ ಹಿಡಿದುಕೊಂಡು ಒಬ್ಬ ಹಿರಿಯ ಅಧಿಕಾರಿಯ ಹತ್ತಿರ ಹೋಗಿದ್ದೆವು. ತಾಳ್ಮೆಯಿಂದ ಕೇಳಿದರು, ಬರೆದುಕೊಂಡರು, ಗಸ್ತು ಶುರುವೂ ಆಯಿತು. ಕೆಲವು ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಹೊಸಬರ ಮುಂದೆ ಮತ್ತೆ ಮೊದಲಿನಿಂದ ಅದೇ ಕಥೆ ಹೇಳಿದೆವು. ಮೂರನೆಯವರು ಬಂದಾಗ ನಮ್ಮಲ್ಲಿ ಯಾರೂ ಹೋಗಲಿಲ್ಲ.

ಸುಪ್ರೀಂ ಕೋರ್ಟ್ ಈ ಮಾತನ್ನು 2006ರಲ್ಲೇ ಹೇಳಿದೆ. ಪ್ರಕಾಶ್ ಸಿಂಗ್ ಅನ್ನುವ ನಿವೃತ್ತ ಪೊಲೀಸ್ ಮಹಾನಿರ್ದೇಶಕರು 1996ರಲ್ಲಿ ಹಾಕಿದ ಅರ್ಜಿ, ಹತ್ತು ವರ್ಷ ನಡೆದು ತೀರ್ಪು ಬಂತು. ರಾಜ್ಯದ ಡಿಜಿಪಿಗೆ ಕನಿಷ್ಠ 2 ವರ್ಷ. ವಲಯದ ಐಜಿಪಿ, ಜಿಲ್ಲೆಯ ಎಸ್‌ಪಿಯಿಂದ ಹಿಡಿದು ಠಾಣಾಧಿಕಾರಿವರೆಗೂ ಕನಿಷ್ಠ 2 ವರ್ಷ. ಠಾಣಾಧಿಕಾರಿಗೇ ಎರಡು ವರ್ಷ ಬೇಕು ಅನ್ನುವುದಾದರೆ, ಇಡೀ ನಗರ ನೋಡಿಕೊಳ್ಳುವವರಿಗೆ ಅದಕ್ಕಿಂತ ಕಡಿಮೆ ಸಾಕು ಅಂತ ಹೇಗೆ ಹೇಳುವುದು? ಆ ಐವರಲ್ಲಿ ಹೆಚ್ಚು ಕಾಲ ಇದ್ದವರು ದಯಾನಂದ ಅವರು, ಅದೂ ಸುಮಾರು ಎರಡು ವರ್ಷ. ಅವರು ಹೋದದ್ದು ಹೇಗೆ ಅಂತ ಎಲ್ಲರಿಗೂ ನೆನಪಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನವೇ ಸರ್ಕಾರ ವಿಚಾರಣಾ ಆಯೋಗ ರಚಿಸಿತು, ಅದೇ ದಿನ ಕಮಿಷನರ್‌ರನ್ನು ಅಮಾನತು ಮಾಡಿತು. ಜುಲೈನಲ್ಲಿ ಅಮಾನತು ವಾಪಸ್ ಪಡೆಯಿತು. ಅವರ ತಪ್ಪು ಇತ್ತೋ ಇಲ್ಲವೋ ಅಂತ ತೀರ್ಮಾನಿಸುವಷ್ಟು ದೊಡ್ಡವನು ನಾನಲ್ಲ. ಆದರೆ ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರಿಗೆ ಬೇಕಿದ್ದದ್ದು ಏನಾಯಿತು ಅನ್ನುವ ಸತ್ಯ. ವಿಚಾರಣೆ ಶುರುವಾಗುವ ಮೊದಲೇ ತಲೆದಂಡ ಪಡೆದರೆ ಆ ಸತ್ಯ ಸಿಕ್ಕಂತಾಗುವುದಿಲ್ಲ.

ಹಾಗಂತ ಕಮಿಷನರನ್ನು ಯಾರೂ ಮುಟ್ಟಬಾರದು ಅಂತ ಖಂಡಿತ ಹೇಳುತ್ತಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹಾಗೇ ಇತ್ತು. ಡ್ಯಾರಿಲ್ ಗೇಟ್ಸ್ ಅಲ್ಲಿ 1978ರಿಂದ 14 ವರ್ಷ ಪೊಲೀಸ್ ಮುಖ್ಯಸ್ಥರಾಗಿದ್ದರು. ಮೇಯರ್ ಕೂಡ ಅವರನ್ನು ಸುಲಭವಾಗಿ ತೆಗೆಯುವಂತಿರಲಿಲ್ಲ. 1991ರಲ್ಲಿ ರಾಡ್ನಿ ಕಿಂಗ್ ಅನ್ನುವ ಕಪ್ಪು ವರ್ಣದ ವ್ಯಕ್ತಿಯನ್ನು ಪೊಲೀಸರು ಹೊಡೆಯುವ ವಿಡಿಯೊ ಹೊರಬಂದು, ಮರುವರ್ಷ ಆ ಪೊಲೀಸರು ಖುಲಾಸೆಯಾದಾಗ ಊರೇ ಹೊತ್ತಿ ಉರಿಯಿತು. 1992ರಲ್ಲಿ ಅಲ್ಲಿನ ಜನ ಮತ ಹಾಕಿ ನಿಯಮ ಬದಲಾಯಿಸಿದರು. ಮುಖ್ಯಸ್ಥರಿಗೆ ಐದು ವರ್ಷ, ಕೆಲಸ ಚೆನ್ನಾಗಿದ್ದರೆ ಇನ್ನೊಮ್ಮೆ ಐದು ವರ್ಷ, ಅಷ್ಟೇ. ಇದು ಕಾಗದದ ಮೇಲಿನ ನಿಯಮವಾಗಿ ಉಳಿಯಲಿಲ್ಲ. ಗೇಟ್ಸ್ ನಂತರ ಬಂದ ವಿಲ್ಲಿ ವಿಲಿಯಮ್ಸ್‌ಗೆ ಎರಡನೇ ಅವಧಿ ಸಿಗಲಿಲ್ಲ, ಬರ್ನಾರ್ಡ್ ಪಾರ್ಕ್ಸ್‌ಗೂ ಸಿಗಲಿಲ್ಲ. 2002ರಲ್ಲಿ ಬಂದ ವಿಲಿಯಂ ಬ್ರ್ಯಾಟನ್‌ಗೆ ಸಿಕ್ಕಿತು. ಈ ಬ್ರ್ಯಾಟನ್ 1970ರಲ್ಲಿ ಬಾಸ್ಟನ್‌ನಲ್ಲಿ ಸಾಮಾನ್ಯ ಪೊಲೀಸ್ ಆಗಿ ಕೆಲಸಕ್ಕೆ ಸೇರಿದವರು. ನಮ್ಮಲ್ಲಿ ಕಾನ್‌ಸ್ಟೆಬಲ್ ಆಗಿ ಸೇರಿದವರು ಕಮಿಷನರ್ ಆಗುವುದನ್ನು ಕನಸಿನಲ್ಲೂ ಎಣಿಸುವಂತಿಲ್ಲ. ಅದೂ ಒಂದು ದೊಡ್ಡ ವಿಷಯವೇ, ಇನ್ನೊಂದು ಪತ್ರ ಬರೆಯುತ್ತೇನೆ.

ನಾನು ಕೇಳುವುದು ಇಷ್ಟೇ. ಕಮಿಷನರ್‌ಗೆ ಎರಡು ವರ್ಷ ಗಟ್ಟಿಯಾಗಿ ಕೊಡಿ. ನಡುವೆ ತೆಗೆಯಲೇಬೇಕಾದರೆ ಕಾರಣವನ್ನು ಬರೆದು ಜನರ ಮುಂದಿಡಿ. 'ಆಡಳಿತಾತ್ಮಕ ಕಾರಣ' ಅನ್ನುವ ಎರಡು ಪದ ಸಾಲದು.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಮುಂದಿನ ಸಲ ಬೇಟನ್ ಫೋಟೊ ಹಾಕುವಾಗ, ಹೋಗುವವರು ಆ ಜಾಗದಲ್ಲಿ ಎಷ್ಟು ದಿನ ಇದ್ದರು ಅನ್ನುವುದನ್ನು ಹೆಸರಿನ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ.

ಇಂತಿ,
ಬೆಂಗಳೂರಿನ ಒಬ್ಬ ಓದುಗ