ಮೂರು ಮಳೆಗಾಲ ತಾಳಿದ ಯೋಜನೆಗೆ ಗೌರವ ಸಲ್ಲಲಿ: ಹಾಸನ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಗೌರವಪೂರ್ವಕ ನಮಸ್ಕಾರಗಳು.

ಪ್ರತಿ ವರ್ಷ ನವೆಂಬರ್ 1ರಂದು ಜಿಲ್ಲಾಡಳಿತವು ರಾಜ್ಯೋತ್ಸವದ ವೇದಿಕೆಯಲ್ಲಿ ಸಾಹಿತ್ಯ, ಕೃಷಿ, ರಂಗಭೂಮಿ, ಕ್ರೀಡೆ, ಸಮಾಜಸೇವೆ ಮೊದಲಾದ ಕ್ಷೇತ್ರಗಳಲ್ಲಿ ದುಡಿದವರನ್ನು ಶಾಲು ಹೊದಿಸಿ ಸನ್ಮಾನಿಸುತ್ತದೆ. ಊರಿನ ರಸ್ತೆ ಎಲ್ಲಿ ತಿರುಗಬೇಕು, ಮಳೆನೀರು ಎಲ್ಲಿ ಹರಿಯಬೇಕು, ಮಕ್ಕಳ ಆಟದ ಜಾಗ ಎಲ್ಲಿ ಉಳಿಯಬೇಕು ಎಂದು ಮುಂದಾಲೋಚಿಸಿ ನಕ್ಷೆ ಬರೆದವರು ಆ ವೇದಿಕೆಯ ಮೇಲೆ ಕಾಣಿಸುವುದು ಬಹಳ ಅಪರೂಪ. ರಾಜ್ಯೋತ್ಸವ ಕಳೆದ ಒಂದೇ ವಾರಕ್ಕೆ, ನವೆಂಬರ್ 8ರಂದು, ವಿಶ್ವ ನಗರ ಯೋಜನಾ ದಿನ ಬರುತ್ತದೆ. ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಾರ್ಲೋಸ್ ಮರಿಯಾ ದೆಲ್ಲಾ ಪಾವೊಲೆರಾ ಅವರು 1949ರಲ್ಲಿ ಆರಂಭಿಸಿದ ಈ ಆಚರಣೆ ಇಂದು ಹಲವು ದೇಶಗಳಲ್ಲಿ ನಡೆಯುತ್ತಿದೆ. ಆ ದಿನ ನಮ್ಮ ಹಾಸನದಲ್ಲಿ, ನಗರ ಹಾಗೂ ಗ್ರಾಮ ಯೋಜನೆಯ ಉತ್ತಮ ಕೆಲಸಕ್ಕೆಂದೇ ಒಂದು ಜಿಲ್ಲಾ ಪ್ರಶಸ್ತಿಯನ್ನು ಕೊಡುವ ಪದ್ಧತಿಯನ್ನು ತಾವು ಜಾರಿಗೆ ತರಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಪ್ರಶಸ್ತಿಗಳಿಗೆ ನಮ್ಮಲ್ಲಿ ಬರವಿಲ್ಲ ಎಂಬುದನ್ನು ನಾನು ಬಲ್ಲೆ. ಆದ್ದರಿಂದಲೇ ಈ ಪ್ರಶಸ್ತಿ ಯಾವಾಗ, ಯಾರಿಗೆ, ಯಾವ ಷರತ್ತಿನ ಮೇಲೆ ಸಲ್ಲಬೇಕು ಎಂಬುದೇ ಇಲ್ಲಿ ಮುಖ್ಯವಾದ ಮಾತು.

ಯೋಜನೆ ಚೆನ್ನಾಗಿದ್ದಾಗ ಅದು ಕಣ್ಣಿಗೆ ಬೀಳುವುದಿಲ್ಲ, ಕೆಟ್ಟಾಗ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ. ನಾನು ವಾಸವಿರುವ ಬಡಾವಣೆಯ ತಗ್ಗಿನ ಬದಿಯಲ್ಲಿ ಒಂದು ಹಳ್ಳವಿದೆ. ಅದನ್ನು ನೇರ ಮಾಡಿ ಮುಚ್ಚಿದ್ದರೆ ಇನ್ನೂ ಕೆಲವು ನಿವೇಶನಗಳು ಸಿಗುತ್ತಿದ್ದವು. ನಕ್ಷೆ ಬರೆದವರು ಹಾಗೆ ಮಾಡದೆ, ಹಳ್ಳ ಹೋದತ್ತ ರಸ್ತೆಯನ್ನೇ ತಿರುಗಿಸಿ, ಎರಡೂ ದಡಕ್ಕೆ ಕಲ್ಲು ಕಟ್ಟಿಸಿ, ತಳವನ್ನು ಮಣ್ಣಾಗಿಯೇ ಬಿಟ್ಟಿದ್ದಾರೆ. ಮೋರಿಗೆ ನೀರು ನುಗ್ಗುವ ಮುನ್ನ ಒಂದು ಹೂಳುಗುಂಡಿ, ಅದರ ಬಾಯಿಗೆ ಕಬ್ಬಿಣದ ಸರಳಿನ ಜಾಲರಿ. ರೋಹಿಣಿ ಮಳೆಗೆ ಮುಂಚೆ ಪೌರಕಾರ್ಮಿಕರು ಆ ಜಾಲರಿ ಎತ್ತಿ, ತೆಂಗಿನ ಸಿಪ್ಪೆ, ಹಾಲಿನ ಕವರು, ಕೆಸರನ್ನೆಲ್ಲ ಬಾಣಲಿಯಲ್ಲಿ ತುಂಬಿ ಹೊರಹಾಕುತ್ತಾರೆ. ಆರಿದ್ರಾ ಮಳೆ ಹಿಡಿದು ಹುಯ್ದಾಗ ಹಳ್ಳ ದಡದವರೆಗೂ ತುಂಬಿ ಹರಿಯುತ್ತದೆ, ಯಾರ ಮನೆಯ ಹೊಸಿಲೂ ಒದ್ದೆಯಾಗುವುದಿಲ್ಲ. ಆ ಜಾಲರಿಗೆ ಯಾರೂ ಟೇಪು ಕತ್ತರಿಸಿಲ್ಲ, ಆ ತಿರುವಿನ ರಸ್ತೆಯನ್ನು ಬರೆದ ಕೈ ಯಾರದೆಂದು ನೆರೆಹೊರೆಯ ಯಾರಿಗೂ ತಿಳಿಯದು. ಇದಕ್ಕೆ ಹೋಲಿಸಿದರೆ ಸ್ವಾಗತ ಕಮಾನು, ಕಾರಂಜಿ, ಅಲಂಕಾರದ ದೀಪಸಾಲುಗಳು ಛಾಯಾಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ. ಗೌರವ ಅತ್ತಲೇ ವಾಲುವುದು ಸಹಜ, ಆದರೆ ಸರಿಯಲ್ಲ.

ಆದ್ದರಿಂದ ಪ್ರಶಸ್ತಿಯ ಮೊದಲ ಷರತ್ತು ಕಾಲದ್ದಾಗಿರಲಿ. ಕೆಲಸ ಮುಗಿದು ಮೂರು ಮಳೆಗಾಲ ಕಳೆಯದ ಯಾವ ಯೋಜನೆಯನ್ನೂ ಪರಿಗಣಿಸಬಾರದು. ಹೀಗೆ ಹೇಳಲು ಕಾರಣವಿದೆ. ಇಂದೋರ್ ನಗರ ಇದೇ ವಿಷಯದಲ್ಲಿ ದೇಶಕ್ಕೆ ಎರಡು ಪಾಠಗಳನ್ನು ಕೊಟ್ಟಿದೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ರೂಪಿಸಿದ ಅಲ್ಲಿನ ‘ಅರಣ್ಯ’ ಎಂಬ ಹೆಸರಿನ ಬಡಾವಣೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿತು. ಅಲ್ಲಿ ಬಡವರಿಗೆ ಪೂರ್ತಿ ಮನೆ ಕಟ್ಟಿಕೊಡುವ ಬದಲು ನಿವೇಶನ, ತಳಪಾಯ, ಶೌಚಾಲಯ, ನೀರು ಹಾಗೂ ಒಳಚರಂಡಿಯ ಸಂಪರ್ಕಗಳನ್ನು ಕೊಟ್ಟು, ಉಳಿದದ್ದನ್ನು ಕೈಯಲ್ಲಿ ಹಣ ಕೂಡಿದಂತೆ ಅವರೇ ಕಟ್ಟಿಕೊಳ್ಳಲು ಬಿಡಲಾಯಿತು. ಕುಟುಂಬ ಬೆಳೆದಂತೆ ಮನೆಯೂ ಬೆಳೆಯಲು ಅವಕಾಶವಿತ್ತ ಆ ಯೋಜನೆಯನ್ನು ಇಂದಿಗೂ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ. ಅದೇ ನಗರದ ಕೊಳೆಗೇರಿಗಳನ್ನು ಒಳಚರಂಡಿ ಜಾಲದಿಂದ ಜೋಡಿಸುವ ಮತ್ತೊಂದು ಯೋಜನೆಗೆ 1998ರಲ್ಲಿ ಅದೇ ಪ್ರಶಸ್ತಿ ದೊರೆಯಿತು. ಆಲೋಚನೆ ದೊಡ್ಡದೇ. ಆದರೆ ನಿರ್ವಹಣೆಯಿಲ್ಲದೆ ಕೊಳವೆಗಳು ಕಟ್ಟಿಕೊಂಡವು, ಕಾಗದದ ಮೇಲಿನ ಯಶಸ್ಸಿಗೂ ಕೇರಿಯ ಅನುಭವಕ್ಕೂ ಅಂತರವಿದೆ ಎಂಬ ಗಂಭೀರ ಟೀಕೆಗಳು ಬಳಿಕ ಬಂದವು. ಅಮೆರಿಕದ ಯೋಜಕರ ಸಂಘವು ಕನಿಷ್ಠ 25 ವರ್ಷ ಹಳೆಯದಾದ ಯೋಜನೆಗಳಿಗೆಂದೇ ಒಂದು ಪ್ರತ್ಯೇಕ ಗೌರವವನ್ನು ಇಟ್ಟಿದೆ. ನಮಗೆ ಅಷ್ಟು ದೀರ್ಘ ಕಾಲ ಬೇಡವೆನ್ನಿಸಬಹುದು, ಆದರೆ ಉದ್ಘಾಟನೆಯ ವರ್ಷವೇ ಹೊಗಳುವ ಆತುರವಂತೂ ಬೇಡ.

ಮಳೆಗಾಲದ ಅಳತೆಗೋಲು ಇಡೀ ಜಿಲ್ಲೆಗೆ ಒಂದೇ ಆಗದು ಎಂಬುದನ್ನೂ ಸೇರಿಸಬೇಕು. ಸಕಲೇಶಪುರದಲ್ಲಿ ಗುಡ್ಡದ ಇಳಿಜಾರನ್ನು ಕಡಿದು ಮಾಡಿದ ರಸ್ತೆಯನ್ನು ಮಳೆ ಪರೀಕ್ಷಿಸುತ್ತದೆ. ಮಳೆಯೇ ಕಡಿಮೆಯಿರುವ ಅರಸೀಕೆರೆಯ ಕಡೆ ಪರೀಕ್ಷೆ ಬೇಸಿಗೆಯದು. ಅಲ್ಲಿ ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್ ಕರೆಸದೆ ನಲ್ಲಿಯಲ್ಲಿ ನೀರು ಬಂದರೆ ಆ ಯೋಜನೆ ಗೆದ್ದಂತೆ.

ಎರಡನೆಯದು ಹೆಸರಿನ ವಿಷಯ. ತಾವು ಬೇಲೂರಿಗೆ ಎಷ್ಟೋ ಸಲ ಭೇಟಿ ಕೊಟ್ಟಿದ್ದೀರಿ. 1117ರಲ್ಲಿ ಪ್ರತಿಷ್ಠಾಪನೆಯಾದ ಚನ್ನಕೇಶವ ದೇವಾಲಯದ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳು ಕೆತ್ತಲ್ಪಟ್ಟಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ಒಂದು ಬದಿ ಮಲ್ಲಿತಮ್ಮನದು, ಇನ್ನೊಂದು ಬದಿ ಬೈಚೋಜನದು ಎಂದು ಸಹಿ ನೋಡಿಯೇ ಹೇಳಬಹುದು. ಕಟ್ಟಿಸಿದ ಅರಸನ ಹೆಸರಿನ ಜೊತೆಗೆ ಉಳಿ ಹಿಡಿದವನ ಹೆಸರನ್ನೂ ಉಳಿಸಿದ ಜಿಲ್ಲೆ ನಮ್ಮದು. ಇಂದಿನ ಶಂಕುಸ್ಥಾಪನೆಯ ಕಲ್ಲುಗಳಲ್ಲಿ ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ ಎಲ್ಲವೂ ಇರುತ್ತವೆ, ನಕ್ಷೆ ಬರೆದವರ ಹೆಸರು ಮಾತ್ರ ಇರುವುದಿಲ್ಲ. ಪ್ರಶಸ್ತಿ ಪಡೆದ ಪ್ರತಿ ಸ್ಥಳದಲ್ಲೂ ನಗರ ಯೋಜಕರು, ಸರ್ವೆಯರ್, ಇಂಜಿನಿಯರ್, ಮೇಸ್ತ್ರಿ, ಜಾಗವನ್ನು ಒತ್ತುವರಿಯಿಂದ ಕಾಯ್ದುಕೊಂಡ ನಿವಾಸಿಗಳು, ವಾಲ್ವ್ ತಿರುಗಿಸುವ ನೀರುಗಂಟಿ, ಇವರೆಲ್ಲರ ಹೆಸರಿರುವ ಒಂದು ಸಣ್ಣ ಕಲ್ಲು ನಿಲ್ಲಲಿ. ತಮ್ಮ ಹೆಸರು ಅದರಲ್ಲಿ ಕೊನೆಗೆ ಬಂದರೂ ತಾವು ಬೇಸರಿಸುವವರಲ್ಲ ಎಂದು ನಂಬಿದ್ದೇನೆ.

ಹಣದ ಬಗ್ಗೆಯೂ ನಮ್ಮ ನೆಲದ ಶಾಸನಗಳು ದಾರಿ ತೋರಿಸುತ್ತವೆ. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿಯನ್ನು ಸರಿಪಡಿಸಿ ಕಾಪಾಡಿಕೊಂಡು ಬರುವವರಿಗೆ ಬಿಟ್ಟ ಭೂಮಿಯನ್ನು ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕರೆದಿದ್ದಾರೆ. ಅದು ಬರಿಯ ಬಹುಮಾನವಲ್ಲ, ಕೆರೆಗೆ ಜೀವ ಇರುವವರೆಗೂ ಅದರ ಆರೈಕೆಗೆ ಆದಾಯ ಒದಗಿಸುವ ಏರ್ಪಾಡು. ಹಾಗೆಯೇ ಈ ಪ್ರಶಸ್ತಿಯ ಮೊತ್ತದ ಹೆಚ್ಚಿನ ಪಾಲು ವ್ಯಕ್ತಿಯ ಕೈಗೆ ಹೋಗದೆ, ಗೆದ್ದ ಯೋಜನೆಯ ಮುಂದಿನ ಐದು ವರ್ಷಗಳ ನಿರ್ವಹಣೆಗೆ ಮೀಸಲಾಗಲಿ. ಉದ್ಯಾನಕ್ಕೆ ಪ್ರಶಸ್ತಿ ಬಂದರೆ ಮಾಲಿಯ ಸಂಬಳ, ಕೆರೆಗೆ ಬಂದರೆ ತೂಬು ಮತ್ತು ಕೋಡಿಯ ದುರಸ್ತಿ ಅದರಿಂದ ನಡೆಯಲಿ. ನಮ್ಮ ಜಿಲ್ಲೆಯಲ್ಲಿ ಹಸಿರುಭೂಮಿ ಪ್ರತಿಷ್ಠಾನದಂಥ ಸಂಘಟನೆಗಳು ಶ್ರಮದಾನದಿಂದ ಕಲ್ಯಾಣಿಗಳ ಹೂಳೆತ್ತಿವೆ. ಒಮ್ಮೆ ಹೂಳೆತ್ತಿದ ಮೇಲೆ ಮತ್ತೆ ತುಂಬದಂತೆ ನೋಡಿಕೊಳ್ಳುವುದು ಹೂಳೆತ್ತಿದ್ದಕ್ಕಿಂತ ಕಷ್ಟ.

ಇನ್ನು ದಾಖಲೆಯ ಮಾತು, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ತುರ್ತಿನದು. 2018ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಹೊಲಗಳ ನಡುವೆ ತ್ಯಾಗಿನಗರ, ಕಳಶನಗರ ಮೊದಲಾದ ತಾತ್ಕಾಲಿಕ ಉಪನಗರಗಳು ಎದ್ದು ನಿಂತವು. ಒಂದು ಸಣ್ಣ ಪಟ್ಟಣದಲ್ಲಿ ಲಕ್ಷಾಂತರ ಜನರಿಗೆ ಕುಡಿಯುವ ನೀರು, ಶೌಚಾಲಯ, ರಸ್ತೆ, ಬೆಳಕು, ಆಸ್ಪತ್ರೆ, ವಾಹನ ನಿಲುಗಡೆ ಇವೆಲ್ಲವನ್ನೂ ಒದಗಿಸಿ, ಉತ್ಸವ ಮುಗಿದ ಮೇಲೆ ಬಿಚ್ಚಿ ನೆಲವನ್ನು ರೈತರಿಗೆ ಹಿಂದಿರುಗಿಸುವುದು ಸಾಮಾನ್ಯ ಕೆಲಸವಲ್ಲ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಇದರದೇ ಇನ್ನೊಂದು ರೂಪವನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಮುಂದಿನ ಮಹಾಮಸ್ತಕಾಭಿಷೇಕ 2030ಕ್ಕೆ ಬರಲಿದೆ. ಅಷ್ಟರಲ್ಲಿ, 2018ರಲ್ಲಿ ಕೆಲಸ ಮಾಡಿದ ಅಧಿಕಾರಿಗಳು ವರ್ಗವಾಗಿ, ನಿವೃತ್ತರಾಗಿ ಚದುರಿಹೋಗುತ್ತಾರೆ. ಯಾವ ದಿಕ್ಕಿನಲ್ಲಿ ನೀರಿನ ಒತ್ತಡ ಸಾಲಲಿಲ್ಲ, ಯಾವ ತಿರುವಿನಲ್ಲಿ ಜನ ಸಿಕ್ಕಿಕೊಂಡರು ಎಂಬಂಥ ತಿಳಿವಳಿಕೆ ಅವರ ತಲೆಯಲ್ಲಿಯೇ ಉಳಿದರೆ 2030ರಲ್ಲಿ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗುತ್ತದೆ. ಆದ್ದರಿಂದ ಪ್ರಶಸ್ತಿಗೆ ಅರ್ಜಿ ಹಾಕುವವರು ನಕ್ಷೆ, ಖರ್ಚು, ಎದುರಾದ ತೊಡಕು, ಸೋತ ಪ್ರಯತ್ನ ಎಲ್ಲವನ್ನೂ ಸರಳ ಕನ್ನಡದಲ್ಲಿ ಬರೆದು ಒಪ್ಪಿಸಬೇಕು, ಆ ವರದಿಗಳು ಜಿಲ್ಲಾ ಗ್ರಂಥಾಲಯದಲ್ಲಿ ಸಾರ್ವಜನಿಕರಿಗೆ ಸಿಗಬೇಕು.

ತೀರ್ಪುಗಾರರ ಸಮಿತಿಯಲ್ಲಿ ತಜ್ಞರು ಇರಲೇಬೇಕು. ಅವರ ಜೊತೆಗೆ ಬೀದಿಬದಿ ವ್ಯಾಪಾರಿ, ಗಾಲಿಕುರ್ಚಿಯಲ್ಲಿ ಓಡಾಡುವವರು, ಶಾಲೆಗೆ ನಡೆದು ಹೋಗುವ ಮಕ್ಕಳ ತಾಯಂದಿರೂ ಕೂರಲಿ, ಸಮಿತಿ ಸ್ಥಳ ಪರಿಶೀಲನೆಗೆ ಮಳೆ ಸುರಿಯುವ ದಿನವೇ ಹೋಗಲಿ. ಭೂಮಿ ಕಳೆದುಕೊಂಡವರಿಗೆ ಪರಿಹಾರ ಬಾಕಿಯಿರುವ ಯಾವ ಯೋಜನೆಗೂ, ಅದು ಎಷ್ಟೇ ಸುಂದರವಾಗಿರಲಿ, ಪ್ರಶಸ್ತಿ ಸಲ್ಲಕೂಡದು. ಹೇಮಾವತಿ ಜಲಾಶಯಕ್ಕಾಗಿ ಮನೆ, ಗದ್ದೆ ಬಿಟ್ಟು ಬಂದ ಕುಟುಂಬಗಳಿರುವ ಜಿಲ್ಲೆಯಲ್ಲಿ ಈ ಷರತ್ತನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಯೋಗ್ಯವಾದದ್ದು ಸಿಗದ ವರ್ಷ ಪ್ರಶಸ್ತಿಯನ್ನು ಯಾರಿಗೂ ಕೊಡದೆ ಬಿಡುವ ಅಧಿಕಾರವೂ ಸಮಿತಿಗಿರಲಿ.

ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತದ 18 ಹೊಣೆಗಳಿವೆ, ಅವುಗಳಲ್ಲಿ ಮೊದಲನೆಯದೇ ನಗರ ಯೋಜನೆ. ಹಾಗಾಗಿ ಈ ಕೋರಿಕೆಗೆ ಹೊಸ ಕಾನೂನು ಬೇಕಿಲ್ಲ, ಜಿಲ್ಲಾಡಳಿತದ ಒಂದು ಆದೇಶ ಸಾಕು. ಬರುವ ನವೆಂಬರ್ 8ರ ಒಳಗೆ ಸಮಿತಿ ರಚನೆಯಾಗಿ ನಿಯಮಗಳು ಪ್ರಕಟವಾದರೆ, ಮೊದಲ ವರ್ಷ ಅರ್ಜಿಗಳಿಗೆ ಕಾಯದೆ, 2018ರ ಶ್ರವಣಬೆಳಗೊಳದ ಉಪನಗರಗಳಲ್ಲಿ ದುಡಿದವರನ್ನು ಕರೆಸಿ, ಅವರ ಅನುಭವವನ್ನು ಬರೆಯಿಸಿಕೊಂಡು, ಅವರನ್ನೇ ಗೌರವಿಸಬಹುದು. ತಮ್ಮ ಉತ್ತರವನ್ನು ಎದುರುನೋಡುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಹಾಸನ ನಗರದ ಒಬ್ಬ ನಿವಾಸಿ