ಯಾರು ಕೊಟ್ಟಿರೋ ಗೊತ್ತಿಲ್ಲ, ಅದಕ್ಕೇ ಎಲ್ಲರ ಎದುರು

ನಮ್ಮ ಮನೆಗೆ ಈ ತಿಂಗಳಿಂದ ಚರ್ಚಿನ ಅಕ್ಕಿ ಬೇಡ ಎಂದು ಹೇಳಿ ಬಂದಿದ್ದೇನೆ. ಆಸ್ಪತ್ರೆ ಸೇರಿ ಮಲಗಿದ್ದ ನಮ್ಮವರು, ಅಂದರೆ ನನ್ನ ಗಂಡ, ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಮೊದಲಿನ ಹಾಗೆ ಪೂರ್ತಿ ದಿನ ಆಗುವುದಿಲ್ಲ, ಮಧ್ಯಾಹ್ನದವರೆಗೆ ಮಾತ್ರ. ನನ್ನ ಹೊಲಿಗೆ ನಡೆಯುತ್ತಿದೆ. ಈ ವರ್ಷ ಮಕ್ಕಳ ಫೀಸನ್ನು ನಾವೇ ಕಟ್ಟಿದೆವು. ನಮಗೆ ಬರುತ್ತಿದ್ದ ಪಾಲು ಇನ್ನು ಬೇರೆ ಮನೆಗೆ ಹೋಗಲಿ.

ಏನಾಯಿತು, ಎಷ್ಟು ದಿನ ಆಸ್ಪತ್ರೆ, ಯಾವ ಆಪರೇಷನ್ ಎಂಬುದೆಲ್ಲ ಇದನ್ನು ಓದುವ ಹೆಚ್ಚಿನವರಿಗೆ ಗೊತ್ತಿದೆ. ಅದನ್ನು ಮತ್ತೆ ಬರೆಯುವ ಶಕ್ತಿ ನನಗಿಲ್ಲ. ನಾನು ಬರೆಯಬೇಕಾದದ್ದು ಬೇರೆ. ನಮಗೆ ಸಹಾಯ ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾರು ಎಂದೇ ನನಗೆ ಗೊತ್ತಿಲ್ಲ. ಕೇಳಿದರೂ ಹೇಳುವುದಿಲ್ಲ, ಅದು ಅವರ ಕ್ರಮ. ಮನೆ ಹುಡುಕಿಕೊಂಡು ಹೋಗಿ ಕೈ ಮುಗಿಯೋಣ ಎಂದರೆ ಯಾರ ಮನೆಗೆ ಹೋಗಲಿ? ಅದಕ್ಕೇ ಇಲ್ಲಿ, ಎಲ್ಲರ ಎದುರು ಬರೆಯುತ್ತಿದ್ದೇನೆ. ಕೊಟ್ಟವರು ಇದನ್ನು ಓದಿದರೆ ಅವರಿಗೆ ತಿಳಿಯುತ್ತದೆ.

ನಾವು ಚರ್ಚಿಗೆ ಸೇರಿದವರಲ್ಲ. ಕಾರ್ಕಳದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅತ್ತೂರಿನ ಸಾಂತ್‌ಮಾರಿಗೆ, ಅಂದರೆ ಅಲ್ಲಿನ ಚರ್ಚಿನ ವರ್ಷದ ಹಬ್ಬಕ್ಕೆ, ಚಿಕ್ಕಂದಿನಿಂದ ಹೋಗುತ್ತಿದ್ದೇವೆ, ಮೇಣದ ಬತ್ತಿ ಹಚ್ಚುತ್ತೇವೆ, ಬರುವಾಗ ಮಕ್ಕಳಿಗೆ ಮಿಠಾಯಿ ತರುತ್ತೇವೆ. ಆದರೆ ಚರ್ಚಿನ ಒಳಗಿನ ವ್ಯವಸ್ಥೆ ನಮಗೆ ಗೊತ್ತಿರಲಿಲ್ಲ. ಊರಿನ ಚರ್ಚಿಗೆ ಸೇರಿದ ಮನೆಗಳನ್ನು ವಾಳೆ ಎಂಬ ಗುಂಪುಗಳಾಗಿ ಹಂಚಿರುತ್ತಾರೆ, ಒಂದೊಂದು ವಾಳೆಗೆ ಒಬ್ಬ ಗುರ್ಕಾರ್, ಅಂದರೆ ಮುಖ್ಯಸ್ಥ, ಇರುತ್ತಾರೆ ಎಂಬುದು ಗೊತ್ತಾದದ್ದು ಆ ಗುರ್ಕಾರ್ ನಮ್ಮ ಅಂಗಳಕ್ಕೆ ಬಂದಾಗ. ತಮ್ಮ ವಾಳೆಯಲ್ಲಿ ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂಬುದು ಅವರಿಗೆ ಗೊತ್ತಿರಬೇಕಂತೆ. ನಮ್ಮ ಮನೆ ಅವರ ಲೆಕ್ಕದಲ್ಲಿ ಇರಲಿಲ್ಲ. ಆದರೂ ದಾರಿಯಲ್ಲಿ ಇತ್ತು, ಅವರು ಬಂದರು.

ಅವರು ಹೇಳಿದ ಮೇಲೆ, ಬಡವರಿಗೆ ಸಹಾಯ ಮಾಡುವ ಚರ್ಚಿನವರ ಸಂಘವಾದ ವಿನ್ಸೆಂಟ್ ಡಿ ಪಾವ್ಲ್ ಸಭೆಯಿಂದ ಇಬ್ಬರು ಬಂದರು. ಅವರು ಯಾವಾಗಲೂ ಇಬ್ಬಿಬ್ಬರಾಗಿಯೇ ಬರುತ್ತಾರೆ. ಜಗಲಿಯಲ್ಲಿ ಕೂತು ಅತ್ತೆಯ ಹತ್ತಿರ ಹಸುವಿನ ವಿಷಯ ಮಾತಾಡಿದರು, ಮಗಳ ಪುಸ್ತಕ ತಿರುವಿ ನೋಡಿದರು. ಫಾರಂ ತೆಗೆಯಲಿಲ್ಲ, ರೇಷನ್ ಕಾರ್ಡ್ ತೋರಿಸಿ ಎನ್ನಲಿಲ್ಲ. ಹೊರಡುವಾಗ ಮೆಲ್ಲನೆ ಕೇಳಿದರು: ಮೆಡಿಕಲ್‌ನಲ್ಲಿ ಎಷ್ಟು ಬಾಕಿ ಇದೆ? ಮಾರನೇ ದಿನ ನಾನು ಮಾತ್ರೆ ತರಲು ಹೋದರೆ, ಬಾಕಿ ಚುಕ್ತಾ ಆಗಿದೆ ಎಂದರು. ಆಮೇಲೆ ಎಲ್ಲ ಹೀಗೇ. ಫೀಸನ್ನು ಶಾಲೆಯ ಆಫೀಸಿನಲ್ಲಿ ಕಟ್ಟಿದರು. ಆಸ್ಪತ್ರೆಯ ಹಣವನ್ನು ಆಸ್ಪತ್ರೆಯ ಕೌಂಟರಿನಲ್ಲಿ ಕಟ್ಟಿದರು. ಕುಚ್ಚಲಕ್ಕಿ, ಬೇಳೆ, ಎಣ್ಣೆ ಸಂಜೆ ಕತ್ತಲಾದ ಮೇಲೆ ಮನೆಗೆ ಬರುತ್ತಿತ್ತು. ಅಕ್ಕಿ ಚೀಲ ಹಿಡಿಸಿ ಫೋಟೋ ತೆಗೆಯಲಿಲ್ಲ, ಫ್ಲೆಕ್ಸ್ ಹಾಕಲಿಲ್ಲ. ನನ್ನ ಮಗಳು ಹೈಸ್ಕೂಲಿಗೆ ಹೋಗುವವಳು. ಕ್ಲಾಸಿನಲ್ಲಿ ಅವಳು ತಲೆ ಎತ್ತಿ ಕೂತುಕೊಳ್ಳಲು ಸಾಧ್ಯವಾದದ್ದು ಇದರಿಂದ. ಹಣಕ್ಕಿಂತ ನಾನು ಜಾಸ್ತಿ ನೆನೆಯುವುದು ಇದನ್ನೇ.

ಈಗ ಬಾಯಮ್ಮನ ವಿಷಯ.

ಬಾಯಮ್ಮ ಎಂಬುದು ನಾನು ಕರೆಯುವ ರೀತಿ. ಅವರ ಹೆಸರು ಬರೆಯಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ, ಬರೆಯುವುದಿಲ್ಲ. ಎಪ್ಪತ್ತು ದಾಟಿದವರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳು ಹೊರಗಿದ್ದಾರೆ. ಮೊದಲ ಸಲ ನಮ್ಮ ಮನೆಗೆ ಬಂದ ಆ ಇಬ್ಬರಲ್ಲಿ ಇವರೊಬ್ಬರು.

ಅದು ಆಟಿ ತಿಂಗಳು. ಬೆಳಗಿನಿಂದ ಬಿಡದೆ ಮಳೆ. ನಮ್ಮವರನ್ನು ಐಸಿಯುಗೆ ಹಾಕಿದ್ದರು, ರಾತ್ರಿ ಕಳೆಯಬೇಕು, ಬೆಳಗ್ಗೆ ನೋಡೋಣ ಎಂದಿದ್ದರು ಡಾಕ್ಟರು. ಬಾಯಮ್ಮ ಬಂದದ್ದು ಕೌಂಟರಿನಲ್ಲಿ ಹಣ ಕಟ್ಟಿ ರಶೀದಿ ತೆಗೆದುಕೊಂಡು ಹೋಗಲು. ಕೊನೆಯ ಬಸ್ಸು ಹೋಗುವ ಮೊದಲು ಹೊರಡಿ ಬಾಯಮ್ಮ ಎಂದೆ. ನನ್ನ ಮುಖ ನೋಡಿದರು. ಛತ್ರಿಯನ್ನು ಗೋಡೆಗೆ ಒರಗಿಸಿ, ಬೆಂಚಿನಲ್ಲಿ ನನ್ನ ಪಕ್ಕ ಕೂತರು. "ಬಸ್ಸು ನಾಳೆಯೂ ಇದೆ ಮಗಾ" ಎಂದರು.

ಗಂಜಿ ತಂದಿದ್ದರು, ಚಟ್ನಿ ತಂದಿದ್ದರು. ಬೇಡ ಎಂದರೆ ಕೇಳಲಿಲ್ಲ. ಮಧ್ಯರಾತ್ರಿ ಹೊತ್ತಿಗೆ ಚೀಲದಿಂದ ಜಪಸರ ತೆಗೆದು, "ನಾನು ಪ್ರಾರ್ಥನೆ ಮಾಡಿದರೆ ನಿನಗೆ ಬೇಜಾರಿಲ್ಲ ಅಲ್ವಾ? ಮನಸ್ಸಿನಲ್ಲೇ ಹೇಳುತ್ತೇನೆ" ಎಂದು ಕೇಳಿದರು. ನನ್ನನ್ನು ಕೇಳಿದರು! ಆಮೇಲೆ, "ನೀನು ಕಟೀಲಮ್ಮನನ್ನು ನೆನೆ" ಎಂದರು. ಹಾಗೆ ಇಬ್ಬರೂ ನಮ್ಮ ನಮ್ಮ ತಾಯಿಯನ್ನು ಕರೆಯುತ್ತ ಕೂತೆವು.

ಆ ರಾತ್ರಿ ನನ್ನ ಬಾಯಿಂದ ಒಂದು ಮಾತು ಬಂತು. ಹೀಗೆ ಒದ್ದಾಡುವುದಕ್ಕಿಂತ ಇವರು ಹೋಗಿಬಿಟ್ಟರೆ ಸಾಲವಾದರೂ ನಿಲ್ಲುತ್ತದೆ ಎಂದೆ. ಹದಿನೆಂಟು ವರ್ಷದಿಂದ ಜೊತೆಗಿರುವ ಮನುಷ್ಯನ ಬಗ್ಗೆ ಹಾಗೆ ಹೇಳಿದೆ. ಈಗ ಬರೆಯುವಾಗಲೂ ಕೈ ನಡುಗುತ್ತದೆ. ಬಾಯಮ್ಮ ಗದರಲಿಲ್ಲ, ದೇವರು ಮೆಚ್ಚುವುದಿಲ್ಲ ಎನ್ನಲಿಲ್ಲ. "ನಮ್ಮವರು ಮಲಗಿದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ" ಎಂದರು. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ನನ್ನ ಕೈ ಅವರ ಕೈಯಲ್ಲೇ ಇತ್ತು.

ಮಾತು ಮತ್ತೆ ಶುರುವಾದದ್ದು ಹಣದಿಂದ. ಇದೆಲ್ಲ ಯಾರ ಹಣ ಬಾಯಮ್ಮ, ನಾನು ಯಾರಿಗೆ ತೀರಿಸಲಿ ಎಂದು ಕೇಳಿದೆ. ಅವರು ಹೇಳುತ್ತಾ ಹೋದರು. ಸಭೆ ಸೇರಿದಾಗಲೆಲ್ಲ ಕೊನೆಗೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದಂತೆ. ಎಲ್ಲರೂ ಮುಷ್ಟಿ ಕಟ್ಟಿ ಒಳಗೆ ಕೈ ಹಾಕುತ್ತಾರೆ. ಯಾರು ನೂರು ಹಾಕಿದರು, ಯಾರು ಹತ್ತು ಹಾಕಿದರು, ಯಾರ ಹತ್ತಿರ ಆ ದಿನ ಏನೂ ಇರಲಿಲ್ಲ ಎಂಬುದು ಪಕ್ಕದವರಿಗೂ ತಿಳಿಯುವುದಿಲ್ಲ. ಇನ್ನು ಚರ್ಚಿನ ಬಾಗಿಲ ಬಳಿ ಬಡವರಿಗೆಂದೇ ಇಟ್ಟ ಡಬ್ಬಿ. ಸಂತ ಅಂತೋನಿಯವರ ಹೆಸರಿನಲ್ಲಿ ಹರಕೆ ಹೇಳಿದವರು ಅದಕ್ಕೆ ಹಾಕುತ್ತಾರೆ, ಅದರಲ್ಲಿ ಹಿಂದೂಗಳ ಹಣವೂ ಇರುತ್ತದೆ, ಬ್ಯಾರಿ ಮುಸ್ಲಿಮರದ್ದೂ ಇರುತ್ತದೆ ಎಂದರು. ಈಸ್ಟರಿಗೆ ಮೊದಲಿನ 40 ದಿನದ ತಪಸ್ಸಿನ ಕಾಲದಲ್ಲಿ ಕೆಲವು ಮನೆಗಳಲ್ಲಿ ಮೀನು ಮಾಂಸ ಬಿಟ್ಟು, ಅದರ ಹಣವನ್ನು ಕವರಿನಲ್ಲಿ ಹಾಕಿಡುತ್ತಾರೆ. ಮದುವೆಯ ವರ್ಷ ತುಂಬಿದ ದಿನ ಊಟದ ಖರ್ಚು ಉಳಿಸಿ ಕೊಡುವವರಿದ್ದಾರೆ. ಗಲ್ಫಿನಲ್ಲಿರುವ ಹುಡುಗರು ಮೊದಲ ಸಂಬಳ ಬಂದಾಗ ನೆನಪಿಟ್ಟು ಕಳಿಸುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಹುಟ್ಟಿದ ದಿನಕ್ಕೆ, ನಮ್ಮ ಊರಿನವರು ತೆನೆಯ ಜೊತೆ ತೋಟದ ತರಕಾರಿ ತರುತ್ತಾರಲ್ಲ, ಪೂಜೆಯ ನಂತರ ಅಂಗಳದಲ್ಲಿ ಅದನ್ನು ಹರಾಜು ಹಾಕುತ್ತಾರೆ. ಒಂದು ಕುಂಬಳಕಾಯಿ ಅಂಗಡಿಯ ಹತ್ತು ಪಟ್ಟು ಬೆಲೆಗೆ ಹೋಗುವುದನ್ನು ನಾನೇ ರಸ್ತೆಯಿಂದ ನೋಡಿದ್ದೆ. ಯಾಕೆ ಅಷ್ಟು ಕೂಗುತ್ತಾರೆ ಎಂದು ಅರ್ಥವಾದದ್ದು ಆ ಬೆಂಚಿನ ಮೇಲೆ.

ಲೆಕ್ಕ ಪಕ್ಕಾ ಇಡುತ್ತಾರೆ, ರಶೀದಿ ಬೇಕೇ ಬೇಕು. ವರ್ಷದ ಕೊನೆಗೆ ಲೆಕ್ಕ ಓದುವಾಗ ಮಾತ್ರ ಔಷಧಕ್ಕೆ ಇಷ್ಟು, ಶಾಲೆಗೆ ಇಷ್ಟು ಎಂದಷ್ಟೇ ಓದುತ್ತಾರಂತೆ, ಯಾರ ಮನೆಗೆ ಎಂದು ಓದುವುದಿಲ್ಲ. ಒಂದು ಊರಿನ ಚೀಲ ಸಾಲದೇ ಹೋದರೆ ಪಕ್ಕದ ಊರಿನ ಸಭೆಯವರನ್ನು ಕೇಳುತ್ತಾರೆ. ನಮ್ಮ ಆಪರೇಷನ್ನಿಗೆ ಹಾಗೆ ಕೇಳಿದ್ದರು. ಆ ಊರಿನವರ ಮುಖವನ್ನೂ ನಾನು ನೋಡಿಲ್ಲ.

ಈ ಸಭೆ ಶುರು ಮಾಡಿದ್ದು ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಒಬ್ಬ ಹುಡುಗ ಮತ್ತು ಅವನ ಗೆಳೆಯರು ಎಂದು ಬಾಯಮ್ಮ ಹೇಳಿದಾಗ ಆಶ್ಚರ್ಯವಾಯಿತು. ನಾನು ಪಾದ್ರಿಗಳೋ ಬಿಷಪರೋ ಮಾಡಿದ್ದು ಎಂದುಕೊಂಡಿದ್ದೆ. ಆ ಹುಡುಗನ ಹೆಸರು ಫ್ರೆಡ್ರಿಕ್ ಓಝಾನಾಮ್. 1833ರಲ್ಲಿ ಅವನಿಗೆ 20 ವರ್ಷ. ಅದರ ಹಿಂದಿನ ವರ್ಷವಷ್ಟೇ ಅಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತಿದ್ದರು. ನಿಮ್ಮ ಧರ್ಮ ಈಗ ಬಡವರಿಗೆ ಏನು ಮಾಡುತ್ತಿದೆ ಎಂದು ಜೊತೆಗೆ ಓದುವವರು ಕೇಳಿದಾಗ, ಉತ್ತರ ಹೇಳುತ್ತಾ ಕೂರದೆ ಅವರು ಬಡವರ ಮನೆಗಳಿಗೆ ಹೋಗಲು ಶುರು ಮಾಡಿದರಂತೆ. ಚಳಿಗೆ ತಾವು ಇಟ್ಟುಕೊಂಡಿದ್ದ ಸೌದೆಯನ್ನು ಹೊತ್ತುಕೊಂಡು ಹೋಗಿ ಕೊಟ್ಟರಂತೆ. ಆ ಬಡ ಬೀದಿಗಳಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿದ್ದ ರೊಸಾಲಿ ರೆಂದ್ಯು ಎಂಬ ಸಿಸ್ಟರ್, ಬಡವರ ಮನೆಯೊಳಗೆ ಹೇಗೆ ಹೋಗಬೇಕು, ಹೇಗೆ ಮಾತಾಡಬೇಕು ಎಂದು ಈ ಹುಡುಗರಿಗೆ ಕಲಿಸಿದ್ದರು. ನಮ್ಮ ಜಗಲಿಯಲ್ಲಿ ಆ ಇಬ್ಬರು ಕೂತು ಹಸುವಿನ ವಿಷಯ ಮಾತಾಡಿದ್ದು ನನಗೆ ಆಗ ನೆನಪಾಯಿತು.

ಬೆಳಗಾಯಿತು. ಡಾಕ್ಟರು ಕರೆಯುತ್ತಾರೆ ಎಂದು ನಾನು ಎದ್ದೆ. ಬಾಯಮ್ಮ ನಿಲ್ಲಿಸಿದರು. ಚೀಲದಿಂದ ಬಾಚಣಿಗೆ ತೆಗೆದು, ನನ್ನನ್ನು ಕೂರಿಸಿ ತಲೆ ಬಾಚಿ ಜಡೆ ಹಾಕಿದರು. "ಕೆದರಿದ ತಲೆಯಲ್ಲಿ ಹೋಗಬೇಡ. ನೀನು ಕೇಳಬೇಕಾದ್ದನ್ನೆಲ್ಲ ಸರಿಯಾಗಿ ಕೇಳಬೇಕು" ಎಂದರು. ನನ್ನ ತಾಯಿ ಹೋದ ಮೇಲೆ ನನ್ನ ತಲೆ ಯಾರೂ ಬಾಚಿರಲಿಲ್ಲ. ಆಮೇಲೆ ನನ್ನ ಜೊತೆ ಒಳಗೆ ಬಂದರು, ನಾನು ಕೇಳಲು ಮರೆತದ್ದನ್ನು ಅವರು ಕೇಳಿದರು, ಉತ್ತರವನ್ನು ರಶೀದಿಯ ಹಿಂದೆ ಬರೆದುಕೊಂಡರು.

ಬಾಯಮ್ಮ, ನೀವು ಫೋನ್ ನೋಡುವುದಿಲ್ಲ. ಇದನ್ನು ನಿಮ್ಮ ಮೊಮ್ಮಗಳ ಹತ್ತಿರ ಓದಿಸುತ್ತೇನೆ. ಆ ರಾತ್ರಿ ನೀವು ಬಸ್ಸು ಹತ್ತಿದ್ದರೆ ಏನಾಗುತ್ತಿತ್ತು ಎಂದು ನಾನು ಯೋಚಿಸಲು ಹೋಗುವುದಿಲ್ಲ. ನೀವು ಇದ್ದಿರಿ. ಹಣ ಯಾರಿಂದಾದರೂ ಬರುತ್ತಿತ್ತೇನೋ, ಸಾಲವಾದರೂ ಸಿಗುತ್ತಿತ್ತು. ಆ ಬೆಂಚಿನಲ್ಲಿ ಕೂರುವವರು ಸಿಗುತ್ತಿರಲಿಲ್ಲ.

ರಕ್ತ ಬೇಕೆಂದಾಗ ಕ್ಲಾಸು ಬಿಟ್ಟು ಓಡಿ ಬಂದ ಐಸಿವೈಎಂ ಎಂಬ ಕ್ಯಾಥೊಲಿಕ್ ಯುವಜನ ಸಂಘದ ಹುಡುಗರು, ಅತ್ತೆಗೆ ಮತ್ತು ಮಕ್ಕಳಿಗೆ ಸರದಿ ಹಾಕಿ ಊಟ ಕೊಟ್ಟ ಸ್ತ್ರೀ ಸಂಘಟನೆಯ ಅಕ್ಕಂದಿರು, ಬೀಡಿ ಎಲೆಯ ಧೂಳು ಸಾಕು ಎಂದು ಹೊಲಿಗೆ ಮಷಿನ್ ಕೊಡಿಸಿದ ಫಾದರ್, ನಮ್ಮ ಗುರ್ಕಾರ್, ಆಟೋದ ಅಣ್ಣ, ರಾತ್ರಿ ಪಾಳಿಯ ಸಿಸ್ಟರುಗಳು, ಭಜನಾ ಮಂಡಳಿಯವರು, ನಮ್ಮವರ ಜಾಗ ಖಾಲಿ ಇಟ್ಟು ಕಾದ ಮೇಸ್ತ್ರಿ: ನಿಮಗೆಲ್ಲ ನನ್ನ ನಮಸ್ಕಾರ.

ಇನ್ನೊಂದು ಮಾತು ಹೇಳಲೇಬೇಕು. ಕೆಲವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದಾರೆ, ಚರ್ಚಿನವರು ಸುಮ್ನೆ ಕೊಡುತ್ತಾರಾ, ಬದಲಿಗೆ ಏನು ಹೇಳಿದರು ಎಂದು. ನನಗೆ ಆದದ್ದನ್ನು ನಾನು ಹೇಳುತ್ತೇನೆ. ಏನೂ ಹೇಳಲಿಲ್ಲ. ಪೂಜೆಗೆ ಬನ್ನಿ ಎಂದೂ ಕರೆಯಲಿಲ್ಲ. ನಮ್ಮ ಮನೆಯ ದೈವದ ಪರ್ವಕ್ಕೆ ಕೈಯಲ್ಲಿ ಹಣ ಇಲ್ಲ, ಈ ಸಲ ಹೇಗೆ ಎಂದು ಅತ್ತೆ ಅಳುತ್ತಿದ್ದಾಗ, "ಚಿಕ್ಕದಾಗಿ ಮಾಡಿ, ನಿಲ್ಲಿಸಬೇಡಿ" ಎಂದವರು ಬಾಯಮ್ಮ. ಹೂವನ್ನು ಅವರ ಮನೆಯ ಗಿಡದಿಂದಲೇ ತಂದೆವು.

ಸಹಾಯ ತೆಗೆದುಕೊಳ್ಳುವುದು ಸುಲಭವಲ್ಲ. ಕೊಡುವವರಿಗೆ ಇದು ಅಷ್ಟು ಗೊತ್ತಾಗಲಿಕ್ಕಿಲ್ಲ. ಪ್ರತಿ ತಿಂಗಳು ಆ ಚೀಲ ಒಳಗೆ ಇಡುವಾಗ ಗಂಟಲು ಕಟ್ಟುತ್ತಿತ್ತು. ನಮ್ಮವರು ಮಲಗಿದ್ದಲ್ಲಿಂದಲೇ ಗೋಡೆ ಕಡೆ ತಿರುಗುತ್ತಿದ್ದರು. ಅಂಥ ಮನುಷ್ಯ ಈಗ ಏನು ಮಾಡಿದ್ದಾರೆ ಗೊತ್ತಾ? ಮಳೆ ಶುರುವಾಗುವ ಮೊದಲೇ ಹಿತ್ತಲಲ್ಲಿ ಸಾಲು ತೆಗೆದು ಅಲಸಂಡೆ, ಬೆಂಡೆ, ಹೀರೆ ಹಾಕಿದ್ದಾರೆ. ಕುಂಬಳದ ಬಳ್ಳಿ ಕೊಟ್ಟಿಗೆಯ ಮಾಡು ಹತ್ತಿದೆ. ಒಂದನ್ನೂ ಮನೆಗೆ ಕೊಯ್ಯಲು ಬಿಡುತ್ತಿಲ್ಲ, ಎಲ್ಲವೂ ಮೊಂತಿ ಹಬ್ಬಕ್ಕೆ ಎನ್ನುತ್ತಾರೆ.

ಆ ದಿನ ಪೂಜೆ ಮುಗಿಯುವ ಹೊತ್ತಿಗೆ ನಾವು ಮನೆಯವರೆಲ್ಲ ತರಕಾರಿ ಬುಟ್ಟಿ ಹಿಡಿದುಕೊಂಡು ಚರ್ಚಿನ ಅಂಗಳದಲ್ಲಿ ಇರುತ್ತೇವೆ. ಊರಿನಲ್ಲಿ ಇರುವವರೆಲ್ಲ ಬನ್ನಿ, ಯಾವ ಜಾತಿ ಧರ್ಮದವರಾದರೂ ಬನ್ನಿ. ನಮ್ಮ ಕುಂಬಳಕಾಯಿ ಹರಾಜಿಗೆ ಬಂದಾಗ ದಯವಿಟ್ಟು ಕಮ್ಮಿಗೆ ಬಿಡಬೇಡಿ. ಇನ್ನೊಬ್ಬರು ಕೂಗಿದರೆ ನೀವು ಅದಕ್ಕಿಂತ ಜಾಸ್ತಿ ಕೂಗಿ. ನಮ್ಮ ಊರಿನಲ್ಲಿ ಈಗಲೂ ಇಬ್ಬರು ಡಯಾಲಿಸಿಸ್‌ಗೆ ಹೋಗುತ್ತಿದ್ದಾರೆ.