ಮಗಳಿಗೊಂದು ಪತ್ರ: ನೀನು ಕೇಳಿದ ಮೊಮೊಯೆ ಹಾಡುಗಳು

ಪುಟ್ಟಿ,

ನಿನ್ನೆ ಮೆಸೇಜಲ್ಲಿ ಜಪಾನಿನ ಹಾಡುಗಾರ್ತಿ ಮೊಮೊಯೆ ಯಮಗುಚಿ ಹಾಡುಗಳ ಲಿಸ್ಟ್ ಕಳ್ಸಮ್ಮ ಅಂದಿದ್ಯಲ್ಲ, ಬರೀ ಹೆಸರು ಟೈಪ್ ಮಾಡಿ ಕಳಿಸೋಣ ಅಂತಾನೇ ಕೂತೆ ಕಣೇ, ಮೊದಲನೇ ಹೆಸರು ಬರೆಯೋ ಹೊತ್ತಿಗೆ ಏನೇನೋ ನೆನಪಾಗಿ ಪತ್ರಾನೇ ಬರೆಯೋ ಹಾಗಾಯ್ತು. ನೀನು ಬೆಂಗಳೂರಿಗೆ ಹೋಗಿ ಹನ್ನೊಂದು ದಿನ ಆಯ್ತು, ಯೊಕೊಹಾಮದ ಈ ಮನೇಲಿ ಈಗ ಬೆಳಗ್ಗೆ ಕುಕ್ಕರ್ ಕೂಗಿದ್ರೂ ಯಾರೂ ರೂಮಿಂದ ಗೊಣಗಲ್ಲ.

ನಾವು ಇಲ್ಲಿಗೆ ಬಂದಾಗ ನಿಂಗೆ ಐದು ವರ್ಷ, ನಂಗೆ ಜಪಾನೀಸ್ ಒಂದು ಅಕ್ಷರಾನೂ ಬರ್ತಿರಲಿಲ್ಲ. ನಂಗೆ ಅಕ್ಷರ ಕಲಿಸಿದ್ದು ಕ್ಲಾಸ್ ಅಲ್ಲ, ಪಕ್ಕದ್ಮನೆ ಒಬಾಚಾನ್ (ಅಜ್ಜಿ) ಜೊತೆ ಹೋಗ್ತಿದ್ದ ಕರೋಕೆ. ಒಂದಿನ ಸ್ಕ್ರೀನ್ ಮೇಲೆ ಹಾಡಿನ ಹೆಸರು ಬಂತು, ಎರಡೇ ಅಕ್ಷರ, ಒಂದು ಶರತ್ಕಾಲ ಇನ್ನೊಂದು ಸಕುರ ಅಂದ್ರೆ ಚೆರ್ರಿ ಹೂವು, ಎರಡೂ ನಂಗೆ ಗೊತ್ತಿದ್ವು, ಜೋರಾಗಿ "ಅಕಿಜಕುರ" ಅಂತ ಓದಿದೆ. ಒಬಾಚಾನ್ ನಕ್ಕು, ಆ ಅಕ್ಷರಗಳ ತಲೆ ಮೇಲೆ ಚಿಕ್ಕದಾಗಿ ಬರೆದಿದ್ದನ್ನ ಬೆರಳಲ್ಲಿ ತೋರಿಸಿದ್ರು, "ಕೊಸುಮೊಸು". ಅದೇ ಕಾಸ್ಮಾಸ್ ಹೂವು. ನಾನು ಓದಿದ್ದೂ ತಪ್ಪಲ್ವಂತೆ, ಮೊದಲು ಆ ಅಕ್ಷರಗಳನ್ನ ಹಾಗೇ ಓದ್ತಿದ್ರಂತೆ, 1977ರಲ್ಲಿ ಈ ಹಾಡು ಬಂದ್ಮೇಲೆ ಊರೆಲ್ಲ ಕೊಸುಮೊಸು ಅಂತ ಓದೋಕೆ ಶುರು ಮಾಡಿದ್ದು. ಒಂದು ಹಾಡು ಜನ ಅಕ್ಷರ ಓದೋ ರೀತೀನೇ ಬದಲಾಯಿಸಿಬಿಡ್ತು ಅಂದ್ರೆ ನಂಗೆ ಇವತ್ತಿಗೂ ಆಶ್ಚರ್ಯ.

ಈ ಹಾಡು ಬರೆದಿದ್ದು ಮಸಾಶಿ ಸದ. ನಾಳೆ ಮದುವೆಯಾಗಿ ಹೊರಡೋ ಮಗಳು ಅಮ್ಮನ್ನ ನೋಡ್ತಾ ಇರ್ತಾಳೆ, ಅಮ್ಮ ಅಂಗಳದಲ್ಲಿ ಒಂದ್ಸಲ ಕೆಮ್ಮುತ್ತಾಳೆ, ಜಗಲಿ ಮೇಲೆ ಆಲ್ಬಮ್ ಬಿಚ್ಚಿಕೊಂಡು ಮಗಳ ಚಿಕ್ಕಂದಿನ ಒಂದೇ ಕಥೇನ ತನಗೆ ತಾನೇ ಹೇಳ್ಕೊಳ್ಳೋ ಥರ ಮತ್ತೆ ಮತ್ತೆ ಹೇಳ್ತಾಳೆ, ಅಷ್ಟೇ ಕಣೇ ಹಾಡು. ನಮ್ಮಲ್ಲಿ ಕಾರ್ತಿಕದ ಹೊತ್ತಿಗೆ ಮಧ್ಯಾಹ್ನ ಹಿತವಾದ ಬಿಸಿಲು ಬೀಳುತ್ತಲ್ಲ, ಇಲ್ಲಿ ಅದಕ್ಕೆ ಕೊಹಾರುಬಿಯೊರಿ ಅಂತಾರೆ, ಚಿಕ್ಕ ವಸಂತ ಅಂತ ಅರ್ಥ, ಹಾಡಿನ ತುಂಬಾ ಆ ಬಿಸಿಲಿದೆ. ಎರಡನೇ ಚರಣದಲ್ಲಿ ಅಮ್ಮ ಖುಷಿಯಾಗೇ ಸಾಮಾನು ಕಟ್ಟೋಕೆ ಕೈ ಹಾಕ್ತಾಳೆ, ಕಟ್ತಾ ಕಟ್ತಾ ಇದ್ದಕ್ಕಿದ್ದ ಹಾಗೆ ಕಣ್ಣೀರು ಬರುತ್ತೆ. ನೀನು ಹೋಗ್ತಿರೋದು ಮದುವೆಗಲ್ಲ, ಕೆಲಸಕ್ಕೆ, ಅದು ಗೊತ್ತು. ಆದ್ರೂ ಅವತ್ತು ರಾತ್ರಿ ಸೂಟ್‌ಕೇಸಲ್ಲಿ ಮಿಸೋ ಪ್ಯಾಕೆಟ್‌ಗಳನ್ನ ನಿನ್ನ ಸಾಕ್ಸ್ ಮಧ್ಯೆ ತುರುಕುವಾಗ ನಂಗೆ ಇದೇ ಚರಣ ಬಂತು, ಅದಕ್ಕೇ ಅಡುಗೆಮನೆಗೆ ಎದ್ದು ಹೋದೆ. ನೀನು ಕೇಳಿದಾಗ ಏನಿಲ್ಲ ಅಂದೆ.

ಇದನ್ನ ಹಾಡಿದಾಗ ಮೊಮೊಯೆಗೆ ಬರೀ 18. ಆಗ ಅವಳಿಗೆ ಈ ಹಾಡಿನ ಅರ್ಥ ಪೂರ್ತಿ ಆಗಿರಲಿಲ್ಲವಂತೆ, ಮೂರು ವರ್ಷ ಆದ್ಮೇಲೆ ಕೊನೇ ಕಾರ್ಯಕ್ರಮದ ಹೊತ್ತಿಗೆ, ಈಗ ಅರ್ಥವಾಯ್ತು ಅಂತ ಸದ ಅವರಿಗೆ ಹೇಳಿ ಕಳಿಸಿದ್ಲಂತೆ. ನೀನು ಒಂಬತ್ತು ವರ್ಷಕ್ಕೇ ಒಬಾಚಾನ್ ಮನೆ ಜಗಲೀಲಿ ಕಾಲಾಡಿಸ್ತಾ ಈ ಹಾಡು ಪೂರ್ತಿ ಹಾಡ್ತಿದ್ದೆ, ಅವರು ಹುರಿಗಡಲೆ ತಿನ್ನೋದು ನಿಲ್ಲಿಸಿ ಸುಮ್ಮನೆ ಕೇಳ್ತಿದ್ರು (ಆ ಹುರಿಗಡಲೆ ನಿಮ್ಮಜ್ಜಿ ದಾವಣಗೆರೆಯಿಂದ ಕಳಿಸಿದ್ದು, ಅವರಿಗೆ ಪಂಚಪ್ರಾಣ). ಅವರ ಮಗಳು ದೂರದ ಉತ್ತರದ ದ್ವೀಪ ಹೊಕ್ಕೈದೊಗೆ ಮದುವೆಯಾಗಿ ಹೋಗಿದ್ದು ನಮಗೆ ಆಮೇಲೆ ಗೊತ್ತಾಗಿದ್ದು.

ಎರಡನೇದು ಯೊಕೊಸುಕ ಸ್ಟೋರಿ, 1976. ಅವಳು ಬೆಳೆದ ಊರದು, ಒಂದ್ಕಡೆ ಸಮುದ್ರ, ಅಮೆರಿಕದ ನೌಕಾನೆಲೆ, ಇನ್ನೊಂದ್ಕಡೆ ಬರೀ ಏರು. ತಾಯಿ ಒಬ್ಬರೇ ಕಷ್ಟಪಟ್ಟು ಅವಳನ್ನೂ ತಂಗೀನೂ ಸಾಕಿದ್ದು, ಟಿವಿ ಆಡಿಷನ್‌ನಲ್ಲಿ ಎರಡನೇ ಸ್ಥಾನ ಬಂದು 1973ರಲ್ಲಿ 14 ವರ್ಷಕ್ಕೇ ಹಾಡೋಕೆ ಶುರು ಮಾಡಿದ್ಲು. ಶುರುವಿನ ಕೆಲವು ಹಾಡುಗಳನ್ನ ನಾನು ಲಿಸ್ಟಿಗೆ ಹಾಕಿಲ್ಲ, ಅಷ್ಟು ಸಣ್ಣ ಹುಡುಗಿ ಬಾಯಲ್ಲಿ ದೊಡ್ಡವರ ಪ್ರಣಯದ ಪದ ಇಡಬಾರದಿತ್ತು ಅಂತಲೇ ನಂಗನ್ಸೋದು. ಆದ್ರೆ ಯೊಕೊಸುಕ ಸ್ಟೋರಿಯಿಂದ ಬೇರೇನೇ ಮೊಮೊಯೆ. ಪದ ಯೊಕೊ ಅಕಿ, ರಾಗ ರ್ಯೂದೊ ಉಜಾಕಿ, ಗಂಡ ಹೆಂಡತಿ ಅವರು, ಉಜಾಕಿ ರಾಕ್ ಬ್ಯಾಂಡ್‌ನವರು, ಅವರ ಹಾಡೇ ಬೇಕು ಅಂತ ಕೇಳಿದ್ದು ಮೊಮೊಯೆನೇ. ಇಷ್ಟೇನಾ, ಮುಗೀತಾ ಅಂತ ಕೇಳ್ತಾನೇ ಹಾಡು ಶುರುವಾಗುತ್ತೆ, ಆ ದನಿ ಕೆಳಗಿನ ಸ್ಥಾಯೀಲೇ ಇರುತ್ತೆ, ಬೇಡಿಕೊಳ್ಳಲ್ಲ. ಯೊಕೊಸುಕ-ಚೂಒ ಸ್ಟೇಷನ್ನಲ್ಲಿ ಕೆಂಪು ಟ್ರೈನ್ ಬರೋವಾಗ ಇದೇ ಟ್ಯೂನ್ ಹಾಕ್ತಾರೆ, ನೀನು ಪ್ಲಾಟ್‌ಫಾರ್ಮಲ್ಲಿ ಕುಣೀತಿದ್ದೆ ನೆನಪಿದ್ಯಾ.

ನಿನ್ನ ಫೇವರಿಟ್ ಪ್ಲೇಬ್ಯಾಕ್ ಪಾರ್ಟ್ 2, 1978ರದ್ದು, ಅದೂ ಇದೇ ಜೋಡೀದು. ಕೆಂಪು ಪೋರ್ಷೆ ಓಡಿಸ್ಕೊಂಡು ಒಬ್ಬಳೇ ಹೋಗೋ ಹೆಂಗಸು, ಇಲ್ಲಿನ ಸಾರ್ವಜನಿಕ ಚಾನೆಲ್ ಎನ್‌ಎಚ್‌ಕೆ ಟಿವೀಲಿ ಕಂಪನಿ ಹೆಸರು ಬರಬಾರದು ಅಂತ "ಕೆಂಪು ಕಾರು" ಅಂತ ಬದಲಾಯಿಸಿ ಹಾಡಿದ್ಲು. ಅದರ ಬಗ್ಗೆ ನಿಂಗೆ ಹೇಳೋದೇನಿಲ್ಲ, ನನಗಿಂತ ಚೆನ್ನಾಗಿ ಗೊತ್ತು.

1980 ಅಕ್ಟೋಬರ್ 5, ಟೋಕಿಯೊದ ದೊಡ್ಡ ಹಾಲ್ ಬುದೊಕಾನ್‌ನಲ್ಲಿ ಕೊನೇ ಹಾಡು ಸಯೊನಾರ ನೊ ಮುಕೊಗವ ಹಾಡಿ, ಬಿಳಿ ಮೈಕನ್ನ ಸ್ಟೇಜ್ ನೆಲದ ಮೇಲೆ ಇಟ್ಟು ಹಿಂದಕ್ಕೆ ನಡೆದುಬಿಟ್ಲು. ಆಗ ಅವಳಿಗೆ 21. ಮುಂದಿನ ತಿಂಗಳೇ ನಟ ತೊಮೊಕಾಜು ಮಿಯುರ ಜೊತೆ ಮದುವೆ. ಮದುವೆಗೋಸ್ಕರ ಕೆಲಸ ಬಿಟ್ಟಿದ್ದು ನಂಗೆ ತುಂಬಾ ವರ್ಷ ಸರಿ ಅನ್ಸಿರಲಿಲ್ಲ, ಒಬಾಚಾನ್ ಜೊತೆ ವಾದಾನೂ ಮಾಡಿದ್ದೀನಿ, ಆ ಗಂಟಲು ಸುಮ್ನಾಗಿದ್ದು ಎಲ್ಲರಿಗೂ ನಷ್ಟ ಅಂತ. ಆದ್ರೆ ಅವಳು ವಾಪಸ್ ಬರಲೇ ಇಲ್ಲ ನೋಡು, ಒಂದ್ಸಲಾನೂ, ಎಷ್ಟು ಜನ ಕರೆದ್ರೂ. 2019ರಲ್ಲಿ ತಾನು ಹೊಲಿದ ಕ್ವಿಲ್ಟ್‌ಗಳ ಪುಸ್ತಕ ತಂದ್ಲು, ಒಬಾಚಾನ್ ತೋರಿಸಿದಾಗ ನಂಗೆ ನಿಮ್ಮಜ್ಜಿ ಕೌದಿನೇ ಕಣ್ಮುಂದೆ ಬಂತು, ಹಳೇ ಸೀರೆ ಚೂರು ಜೋಡಿಸಿ ನಡುಮನೇಲಿ ಕಾಲು ಚಾಚಿ ಕೂತು ಹೊಲೀತಿದ್ದಿದ್ದು. ಈಗ ನನ್ನ ವಾದ ಮೊದಲಿನಷ್ಟು ಜೋರಿಲ್ಲ. ಆ ಕೌದಿ ನಿನ್ನ ಸೂಟ್‌ಕೇಸಲ್ಲಿ ತಳದಲ್ಲಿದೆ, ಡಿಸೆಂಬರಲ್ಲಿ ಬೆಂಗಳೂರು ಚಳಿ ಬಿದ್ದಾಗ ಹೊದ್ಕೋ.

ಕೊನೇದು "ಈ ಹಿ ತಬಿದಚಿ", 1978, ಶಿಂಜಿ ತನಿಮುರ ಬರೆದಿದ್ದು, ಜಪಾನ್ ರೈಲ್ವೆ ಜಾಹೀರಾತಿಗೆ ಅಂತ. ಬುಲೆಟ್ ಟ್ರೈನ್ ಶಿಂಕಾನ್‌ಸೆನ್‌ನಲ್ಲಿ ಒಸಾಕ ಕಡೆ ಹೋಗುವಾಗ ಅನೌನ್ಸ್‌ಮೆಂಟ್‌ಗೆ ಮುಂಚೆ ಬರ್ತಿತ್ತಲ್ಲ, ಎಷ್ಟೋ ಟ್ರೈನಲ್ಲಿ, ಅದೇ. ಒಳ್ಳೇ ದಿನ ನೋಡಿ ಹೊರಡೋದು ಅಂತ ಅರ್ಥ. ಹೊರಟವಳ ಜೊತೆಗೆ ಇರೋದು ಅಮ್ಮನ ಬೆನ್ನ ಮೇಲೆ ಕೇಳಿದ ಹಾಡು, ಆಮೇಲೆ ಅಪ್ಪ ಕಲಿಸಿದ ಹಾಡು. ನಾನು ನಿನ್ನ ಬೆನ್ನಿಗೆ ಕಟ್ಕೊಂಡಿರಲಿಲ್ಲ, ಸೊಂಟದ ಮೇಲೆ ಕೂರಿಸ್ಕೊಂಡು ದಾವಣಗೆರೆ ಮನೆ ತಾರಸೀಲಿ ಜೋಗುಳ ಹಾಡಿದ್ದೆ, ಅದನ್ನೂ ಲಿಸ್ಟಲ್ಲಿ ಸೇರಿಸ್ಕೋ, ರೆಕಾರ್ಡ್ ಮಾಡಿ ಕಳಿಸ್ತೀನಿ.

ಭಾನುವಾರ ಸಂಜೆ ಐದಕ್ಕೆ ಫೋನ್ ಮಾಡು, ಇಲ್ಲಿ ಎಂಟೂವರೆ ಆಗಿರುತ್ತೆ, ಒಬಾಚಾನ್‌ನೂ ಕರೀತೀನಿ. ಕೊಸುಮೊಸು ಮೊದಲನೇ ಚರಣ ನಾನು ಹಾಡ್ತೀನಿ. ಎರಡನೇದು ನೀನು ಹಾಡು.

ನಿನ್ನ ಅಮ್ಮ